ದೀಪಸ್ತಂಭಕ್ಕೆ ಆಟೋ ಹೋಗುವುದಿಲ್ಲ

ದೀಪಾವಳಿಯ ಭಾವುಬೀಜದ ದಿನ ನನ್ನ ಗಂಡನ ಅಕ್ಕ ಸೀರೆ ಬೇಡವೆಂದರು. ನನ್ನ ಸಂಶಯ ಶುರುವಾದದ್ದು ಅಲ್ಲಿಂದ.

ಪ್ರತಿವರ್ಷ ಅವರು ಗೋರೆಗಾಂವದಿಂದ ಭಾಂಡುಪ್‌ನ ನಮ್ಮ ಮನೆಗೆ ಬಂದು ತಮ್ಮನಿಗೆ ಆರತಿ ಎತ್ತುತ್ತಾರೆ, ನನ್ನ ಗಂಡ ಆರತಿ ತಾಟಿನ ಪಕ್ಕ ಸೀರೆ ಇಡುತ್ತಾರೆ. ನಾವು ಬೆಳಗಾವಿ ಕಡೆಯವರು, ಈ ಹಬ್ಬ ಮುಂಬೈಗೆ ಬಂದು ಕಲಿತದ್ದಲ್ಲ. ಸೀರೆ ಆರಿಸುವವಳು ನಾನು, ಅದರಲ್ಲಿ ಹುಳುಕು ಹುಡುಕುವವರು ಅವರು. ಸೆರಗು ಗಿಡ್ಡ, ಅಂಚು ಬಣ್ಣ ಬಿಡುತ್ತದೆ, ಹೋದ ವರ್ಷವೂ ಇಂಥದ್ದೇ ಇತ್ತು. ಆದರೆ ಬೇಡ ಎಂದದ್ದು ಒಂದು ಸಲವೂ ಇಲ್ಲ.

"ಈ ವರ್ಷ ನನಗ ಸೀರಿ ಬ್ಯಾಡೋ ತಮ್ಮಾ," ಎಂದರು, ಆರತಿ ತಾಟನ್ನು ಕೆಳಗಿಡದೆಯೇ. "ನಾ ಕೇಳಿದ್ದ ಕೊಡು. ಹೆಂಗಿದ್ರೂ ರಜಾ ಐತಿ. ಒಂದ ದಿನ ನಾ ಕರದಲ್ಲೆ ನೀವು ಮೂರೂ ಮಂದಿ ಬರಬೇಕು."

ಆರತಿಯ ಮುಂದೆ ಮಣೆಯ ಮೇಲೆ ಕೂತ ತಮ್ಮ, ಅಕ್ಕ ಕೇಳಿದ್ದಕ್ಕೆ ಇಲ್ಲ ಅನ್ನುವ ಹಾಗಿಲ್ಲ. ನನ್ನ ಗಂಡನಂತೂ ಬೇರೆ ದಿನವೂ ಅನ್ನುವುದಿಲ್ಲ.

"ಎಲ್ಲಿಗೆ ಅಕ್ಕಾ?"

"ಕೊಲಾಬಾದ ತುದಿಗೆ ಸಮುದ್ರದಾಗ ಹಳೇ ಲೈಟ್‌ಹೌಸ್ ಐತೆಲ್ಲ, ಇಂಗ್ರೇಜರು ಕಟ್ಟಿದ್ದು. ಅದನ್ನ ನೋಡೂಣು."

ನಮ್ಮ ಬಿಲ್ಡಿಂಗಿನ ಎರಡನೇ ಮಹಡಿ ಹತ್ತಿ ಬರುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡು ಮೂರು ಸಲ ದೇವರನ್ನು ಕರೆಯುವವರು ಇವರು. ಮದುವೆಯಾಗಿ ಬಂದಾಗಿನಿಂದ ಚೌಪಾಟಿಯ ಮರಳಿನ ಮೇಲೂ ಅವರು ಚಪ್ಪಲಿ ಬಿಟ್ಟು ನಡೆದದ್ದನ್ನು ನಾನು ಕಂಡಿಲ್ಲ. ಅವರಿಗೆ ಲೈಟ್‌ಹೌಸಿನ ಮೇಲೆ ಪ್ರೀತಿ ಯಾವಾಗ ಹುಟ್ಟಿತು?

ನಾನು ಕಲಿತದ್ದು ಕಾನ್ವೆಂಟಿನಲ್ಲಿ. ದನಿ ಎತ್ತಬಾರದು, ಯಾರನ್ನೂ ದಿಟ್ಟಿಸಬಾರದು ಎಂದು ಸಿಸ್ಟರುಗಳು ಕಲಿಸಿದರು. ದಿಟ್ಟಿಸದೆ ನೋಡುವುದನ್ನು ನಾವೇ ಕಲಿತುಕೊಂಡೆವು. ಇವತ್ತಿಗೂ ಯಾರದೇ ಮನೆಗೆ ಹೋದರೂ ಪರದೆಯ ಯಾವ ಕೊಂಡಿ ಕಳಚಿದೆ, ಗಂಡ ಹೆಂಡತಿ ಆ ದಿನ ಮಾತಾಡಿದ್ದಾರೋ ಇಲ್ಲವೋ ನನಗೆ ತಿಳಿದುಬಿಡುತ್ತದೆ. ಬಾಯಿಬಿಟ್ಟು ಕೇಳುವುದು ಮಾತ್ರ ಬರುವುದಿಲ್ಲ.

ಸಂಶಯಕ್ಕೆ ಹಿಂದಿನ ಕಾರಣವೂ ಇತ್ತು. ಹೋದ ವರ್ಷ ಗೋರೆಗಾಂವದ ಒಂದು ಹಾಲ್‌ನಲ್ಲಿ ಯಾರದೋ ಮದುವೆ. ನನ್ನ ಮಗಳು ಅಂಧೇರಿಯ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಅವಳ ಆತ್ಯಾ, ಅಂದರೆ ಇದೇ ಅಕ್ಕ, ಅವಳ ಕೈಗೆ ಮಸಾಲೆ ಹಾಲಿನ ಟ್ರೇ ಕೊಟ್ಟು, "ಆ ಟೇಬಲ್ಲಿಗೆ ಕೊಟ್ಟ ಬಾ ಪುಟ್ಟಾ, ನಮ್ಮವರ ಇದ್ದಾರ," ಎಂದು ಕಳಿಸಿದರು. ಟೇಬಲ್ಲಿನವರು ಹಾಲು ತೆಗೆದುಕೊಳ್ಳಲಿಲ್ಲ. ಒಬ್ಬಳು ಜಡೆ ಹಿಡಿದು, ಇದು ನಿನ್ನದೇ ಕೂದಲೇನು ಎಂದಳು. ಇನ್ನೊಬ್ಬಳು, ಆ ಕಂಬದವರೆಗೆ ನಡೆದು ಬಾ ನೋಡೋಣ ಎಂದಳು. ಮಗಳು ಟ್ರೇಯನ್ನು ಮೇಜಿನ ಮೇಲಿಟ್ಟು ಕಂಬದವರೆಗೆ ನಡೆದಳು, ಕಂಬ ದಾಟಿ ಬಾಗಿಲವರೆಗೆ ನಡೆದಳು, ಹೊರಗೆ ನಿಂತಿದ್ದ ಆಟೋ ಹತ್ತಿ ಸ್ಟೇಷನ್ನಿಗೆ ಹೋಗಿಬಿಟ್ಟಳು.

ಆ ರಾತ್ರಿ ಅವಳು ನನ್ನನ್ನು ಹಿಂದಿಯಲ್ಲಿ ಕೇಳಿದಳು. ಸಿಟ್ಟು ಬಂದಾಗ ಅವಳಿಗೆ ಕನ್ನಡ ಸಿಗುವುದಿಲ್ಲ. "ಮಮ್ಮಿ, ತುಮ್ಹೇ ಪತಾ ಥಾ?"

ಅದು ಹುಡುಗಿ ತೋರಿಸುವ ಕಾರ್ಯಕ್ರಮವೆಂದು ನನಗೆ ನಿಜವಾಗಿ ಗೊತ್ತಿರಲಿಲ್ಲ. ಹಾಗೆಂದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅಪ್ಪನನ್ನು ಅವಳು ಏನೂ ಕೇಳಲಿಲ್ಲ. ತಿಂಗಳುಗಟ್ಟಲೆ ಅವರ ಜೊತೆ ಮಾತೇ ಆಡಲಿಲ್ಲ. ನಾನು ಅವಳಿಗೊಂದು ಮಾತು ಕೊಟ್ಟೆ: "ಇನ್ನ ಮ್ಯಾಲೆ ಇಂಥಾದ್ದು ನನಗ ಗೊತ್ತಾದ್ರ ನಿನಗೂ ಗೊತ್ತಾಗತೈತಿ. ಆಮ್ಯಾಲೆ ಅಲ್ಲ, ಆಗಿಂದಾಗ."

ಹಾಗಾಗಿ ಭಾವುಬೀಜದ ಸಂಜೆ ಆತ್ಯಾ ಹೊರಟುಹೋದ ಮೇಲೆ ಅವಳು ಅಡುಗೆಮನೆಗೆ ಬಂದು ಫ್ರಿಜ್ಜಿಗೆ ಒರಗಿ ನಿಂತಳು.

"ಆತ್ಯಾ ಕರೀತಾಳ ಅಂದ್ರ ಕುಛ್ ತೋ ಹೈ. ನೀ ಹೇಳು ಮಮ್ಮಿ. ಬರಲಾ, ಬ್ಯಾಡಾ?"

ಸಂಶಯ ಇತ್ತು, ತಿಳಿವಳಿಕೆ ಇರಲಿಲ್ಲ. ಬರೀ ಸಂಶಯದ ಮೇಲೆ ಸೋದರತ್ತೆ ಸೊಸೆಯರ ನಡುವೆ ಬೆಂಕಿ ಹಚ್ಚುವುದು ಸರಿಯಲ್ಲ ಅನ್ನಿಸಿತು. "ಬಾ," ಎಂದೆ. ಅವಳು ಬರಲು ಒಪ್ಪಿದ್ದು ಆ ಒಂದು ಮಾತಿನ ಮೇಲೆ. ಅಲ್ಲಿಂದ ಮುಂದೆ ನಾನು ಕಣ್ಣು ಮುಚ್ಚಿ ಮಲಗಿದ್ದು ಕಡಿಮೆ.

ಮರುದಿನದಿಂದ ಗೋರೆಗಾಂವದ ಫೋನು ಹೆಚ್ಚಾಯಿತು. ನನ್ನ ಗಂಡ ಫೋನು ಹಿಡಿದು ಗ್ಯಾಲರಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದರು. ಗ್ಯಾಲರಿಯಲ್ಲಿ ಒಣಗಿದ ಬಟ್ಟೆ ತೆಗೆಯಲು ನಾನು ಹೋದರೆ, "ಹಾಂ ಹಾಂ, ಹವಾ ಚಲೋ ಐತಿ," ಎಂದು ಮಾತು ತಿರುಗಿಸುತ್ತಿದ್ದರು. ಆಮೇಲೆ ಆತ್ಯಾ ನನಗೇ ಫೋನು ಮಾಡಿ, "ಹುಡಿಗಿಗೆ ಚಪ್ಪಟ ಚಪ್ಪಲಿ ಹಾಕ್ಕೊಂಡ ಬಾ ಅಂತ ಹೇಳು. ಹೀಲ್ ಬ್ಯಾಡ. ಅಲ್ಲೆ ಕಲ್ಲ ಅದಾವ," ಎಂದರು. ನನ್ನ ಕಾಲಿನ ಬಗ್ಗೆ ಒಂದು ಮಾತಿಲ್ಲ, ತಮ್ಮನ ಕಾಲಿನ ಬಗ್ಗೆಯೂ ಇಲ್ಲ. ಕಲ್ಲಿಗೆ ನಮ್ಮ ಮೇಲೆ ಏನು ಪ್ರೀತಿ? ಹುಡುಗ ಗಿಡ್ಡ ಇರಬೇಕು ಅಂದುಕೊಂಡೆ. ಅಂದುಕೊಂಡು, ಛೆ, ಎಂಥಾ ಮನಸ್ಸು ನನ್ನದು ಎಂದು ನಾಚಿದೆ.

ಎಲ್ಲಕ್ಕಿಂತ ವಿಚಿತ್ರವೆಂದರೆ ನನ್ನ ಗಂಡ ಸಮುದ್ರದ ಬಗ್ಗೆ ವಿಚಾರಿಸತೊಡಗಿದ್ದು. ಕೆಳಗಿನ ಮನೆಯ ಕೊಂಕಣದವರನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, ಈ ವಾರ ಭರತಿಯ ನೀರು ಏರುವುದು ಎಷ್ಟು ಹೊತ್ತಿಗೆ, ನೀರು ಇಳಿಯುವುದು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲ. ಮೀನು ಮುಟ್ಟದ ಮನುಷ್ಯನಿಗೆ ಭರತಿಯ ಉಸಾಬರಿ ಯಾಕೆ?

"ಲೈಟ್‌ಹೌಸಿಗೆ ನೀರ ಇಳದಾಗ ನಡಕೋತ ಹೋಗಬೇಕಂತ," ಎಂದರು ಕೇಳಿದ್ದಕ್ಕೆ. "ಇಳದ ಹೊತ್ತ ಗೊತ್ತಿರಬೇಕಲ್ಲ?"

ಸರಿಯಾದ ಮಾತೇ. ಆದರೆ ಹಾಗೆ ಹೇಳುವಾಗ ಅವರು ಕನ್ನಡಕ ತೆಗೆದು ಒರೆಸಿದರು. ಸುಳ್ಳು ಹೇಳದಿದ್ದರೂ ಪೂರ್ತಿ ಹೇಳದಿದ್ದಾಗ ಅವರು ಕನ್ನಡಕ ಒರೆಸುತ್ತಾರೆ.

ಹೊರಟ ದಿನ ಭಾಂಡುಪ್‌ನಿಂದ ಲೋಕಲ್‌ನಲ್ಲಿ ಕೊನೆಯ ಸ್ಟೇಷನ್ನು, ಅಲ್ಲಿ ಆತ್ಯಾ ಸೇರಿಕೊಂಡರು, ಮುಂದೆ ಟ್ಯಾಕ್ಸಿ. ಅವರ ಕೈಯಲ್ಲಿ ಎರಡು ಚೀಲ. ಒಂದನ್ನು ನಾನು ಹಿಡಿದೆ. ಭಾರ ನೋಡಿದರೆ ಅದು ನಾಷ್ಟಾ ಅಲ್ಲ, ಊಟ. ಇನ್ನೊಂದರ ಬಾಯಿಯಿಂದ ಇಣುಕುತ್ತಿದ್ದವು ಅವರ ಕಪಾಟಿನ ಮೇಲಿನ ಖಾನೆಯ ಹೂವಿನ ತಾಟುಗಳು. ನಮಗೆ ಅವರು ಸ್ಟೀಲಿನ ತಾಟಿನಲ್ಲೇ ಬಡಿಸುತ್ತಾರೆ. ಆ ಹೂವಿನ ತಾಟು ಇಳಿಯುವುದು ಬೀಗರು ಬಂದಾಗ ಮಾತ್ರ.

ಲೈಟ್‌ಹೌಸಿಗೆ ಹೋಗುವ ದಾರಿ ಸೈನ್ಯದವರ ಗೇಟು ದಾಟಿ. ಮೊದಲೇ ಪರವಾನಗಿ ಬೇಕು. ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಲು ವರ್ಷ ತೆಗೆದುಕೊಂಡ ನನ್ನ ಗಂಡ ಈ ಪರವಾನಗಿ ಹೇಗೆ ತಂದರು ಎಂಬ ಪ್ರಶ್ನೆಗೆ ಗೇಟಿನ ಮುಂದೆಯೇ ಉತ್ತರ ನಿಂತಿತ್ತು. ಗಂಡ, ಹೆಂಡತಿ, ಮಗ.

"ಅಯ್ಯ! ನೀವೂ ಇಲ್ಲೇ!" ಎಂದು ಆತ್ಯಾ ಎರಡೂ ಕೈ ಎತ್ತಿದರು. ನಾಟಕದಲ್ಲೂ ಅಷ್ಟು ಜೋರಾಗಿ ಯಾರೂ ಆಶ್ಚರ್ಯಪಡುವುದಿಲ್ಲ.

"ಹೂಂನ್ರಿ, ಯೋಗಾಯೋಗ," ಎಂದಳು ಆ ಹೆಂಗಸು. ಕಲ್ಲಿನ ಮೇಲೆ ನಡೆಯುವ ದಿನ ಆಕೆ ಇಳಕಲ್ ಸೀರೆ ಉಟ್ಟಿದ್ದಳು. ವಿಜಯಪುರದ ಕಡೆಯವರು, ಅರಿವೆ ವ್ಯಾಪಾರ, ಮನೆ ಅಂಧೇರಿಯಲ್ಲಿ ಎಂದು ಆತ್ಯಾ ಪರಿಚಯ ಮಾಡಿಸಿದರು. ಗೇಟಿನ ಕಾವಲುಗಾರ ನಮ್ಮ ಏಳೂ ಜನರ ಗುರುತಿನ ಚೀಟಿ ನೋಡಿ, ತಲೆ ಎಣಿಸಿ ಒಳಗೆ ಬಿಟ್ಟ. ಎರಡೂ ಮನೆಗೆ ಸೇರಿ ಒಂದೇ ಪರವಾನಗಿ. ಆಕಸ್ಮಿಕವಾಗಿ ಕೂಡಿಬಂದ ಯೋಗಾಯೋಗಕ್ಕೆ ಸರಕಾರ ಒಂದೇ ಕಾಗದ ಕೊಡುತ್ತದೆಯೆ?

ಮಗಳ ಕಡೆ ನೋಡಿದೆ. ಅವಳು ಮೊಬೈಲಿನಲ್ಲಿ ಸಮುದ್ರದ ಫೋಟೋ ತೆಗೆಯುತ್ತಿದ್ದಳು. ಕಿವಿಯಲ್ಲಿ ಹಾಡು. ಹೇಳಲೇ? ಏನೆಂದು ಹೇಳಲಿ? ಆ ಹುಡುಗನಿಗೆ ಈಗಾಗಲೇ ಮದುವೆಯಾಗಿದ್ದರೆ? ನನ್ನದು ಬರೀ ಹುಳುಕು ಮನಸ್ಸಾಗಿದ್ದರೆ?

ನೀರು ಹಿಂದೆ ಸರಿದಿತ್ತು. ಕರಿ ಬಂಡೆಗಳ ದಾರಿಯ ಕೊನೆಗೆ ದೀಪಸ್ತಂಭ ನಿಂತಿತ್ತು, ಮೈಮೇಲೆ ಬಣ್ಣದ ಅಗಲ ಪಟ್ಟಿಗಳು. ಕಾನ್ವೆಂಟಿನ ಗೋಡೆಯ ಚಿತ್ರದಲ್ಲಿದ್ದ ಲೈಟ್‌ಹೌಸು ಆಟಿಕೆಯಂತಿತ್ತು. ಇದು ಹಾಗಿಲ್ಲ. ಹತ್ತಿರ ಹೋದಂತೆ ಕಲ್ಲಿನ ಮೇಲೆ ಕಲ್ಲು ಕೂಡಿಸಿದ ಗೆರೆಗಳು, ಉಪ್ಪು ತಿಂದ ಕಬ್ಬಿಣ, ಗೋಡೆಯ ಬುಡದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ತೋರಿಸುವ ಹಸಿರು ಕಲೆ ಕಂಡವು. ಆ ಕಲೆ ನನ್ನ ತಲೆಗಿಂತ ಎತ್ತರದಲ್ಲಿತ್ತು.

ಬಂಡೆಗಳ ಮೇಲೆ ಪಾಚಿ. ಸಂದಿಗಳಲ್ಲಿ ಬೆರಳುಗುರಿನಷ್ಟು ಏಡಿಗಳು, ಅವುಗಳ ಪಕ್ಕದಲ್ಲೇ ಗುಟ್ಕಾ ಪುಡಿಕೆ. ನಾವೆಲ್ಲ ಚಪ್ಪಟೆ ಚಪ್ಪಲಿಯಲ್ಲಿ ಮೆಲ್ಲಗೆ ಸಾಗಿದರೆ ಆ ಹುಡುಗ ಮಾತ್ರ ಹೆಜ್ಜೆಗೊಮ್ಮೆ ಜಾರುತ್ತಿದ್ದ. ಅವನ ಕಾಲಲ್ಲಿ ಹೊಸ ಕರಿ ಚರ್ಮದ ಬೂಟು, ಒಳಗೆ ಇಸ್ತ್ರಿ ಮಾಡಿದಂಥ ಸಾಕ್ಸು. ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಒಣಹಣ್ಣಿನ ಡಬ್ಬಿ. ಅದನ್ನು ಯಾರಿಗೆ ಕೊಡಬೇಕು, ಎಲ್ಲಿ ಇಡಬೇಕು ತಿಳಿಯದೆ ಎದೆಗೆ ಅವಚಿಕೊಂಡಿದ್ದ.

"ಬೂಟ ನೋಡಿ ಇಡೋ, ಹೊಸಾವು!" ಎಂದು ಅವನ ತಾಯಿ ಕೂಗಿದಳು.

ಎತ್ತರದಲ್ಲಿ ಅವನು ನನ್ನ ಮಗಳಿಗೆ ಸರಿಸಮ. ಹೀಲ್ ಹಾಕಿದ್ದರೆ ಅವಳೇ ಮೇಲಾಗುತ್ತಿದ್ದಳು. ನನ್ನ ಮನಸ್ಸು ಕೆಟ್ಟದ್ದಿರಬಹುದು, ಲೆಕ್ಕ ತಪ್ಪಿರಲಿಲ್ಲ.

ದೀಪಸ್ತಂಭದ ಒಳಗೆ ತಂಪು, ಎಣ್ಣೆಬಣ್ಣದ ವಾಸನೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯೊಳಗೆ ಒಬ್ಬರು ಮಲಗಬಹುದು. ಅಲ್ಲಿಯ ಕೆಲಸದವನು ನಮ್ಮನ್ನು ಕೆಳಗಿನ ಕೋಣೆಯಲ್ಲಿ ಕೂರಿಸಿ, ನೀರು ಕೊಟ್ಟು, ಹಿಂದಿಯಲ್ಲಿ ಹೇಳಿದ: ನೀರು ಏರಲು ಶುರುವಾಗಿದೆ. ಬೇಗ ನೋಡಿ ಬೇಗ ಹೊರಟರೆ ಆಯಿತು. ಇಲ್ಲವಾದರೆ ದಾರಿ ಮುಚ್ಚುತ್ತದೆ, ಮತ್ತೆ ಸಂಜೆಗೇ.

ನಾನು ಗಾಬರಿಯಾಗಿ ಎದ್ದು ನಿಂತೆ. ಎದ್ದವಳು ನಾನೊಬ್ಬಳೇ. ಆತ್ಯಾ ಚಾಪೆ ಹಾಸುತ್ತಿದ್ದರು. ಆ ಹೆಂಗಸು ಸೀರೆಯ ನೆರಿಗೆ ಸರಿಮಾಡಿ ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಅವಸರ ಏನೈತಿ?" ಎಂದರು ಆತ್ಯಾ ಚೀಲ ಬಿಚ್ಚುತ್ತ. "ಊಟ ತಂದೇನಿ, ಚಹಾ ತಂದೇನಿ. ಸಂಜೀಕ ಹೋದ್ರಾತು. ಕೂತ ಮಾತಾಡೂಣು."

ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಎಣ್ಣೆಗಾಯಿ, ಚೂಡಾ, ಶಂಕರಪಾಳಿ, ಎರಡು ಥರ್ಮಾಸು. ನಾನು ಡಬ್ಬಿಗಳನ್ನು ನೋಡುತ್ತ ನಿಂತೆ. ಆಗ ಹೊಳೆಯಿತು. ಹಾಲ್‌ನ ಹೊರಗೆ ಆಟೋ ನಿಂತಿತ್ತು, ಹುಡುಗಿ ಹತ್ತಿ ಹೋದಳು. ಈ ಸಲ ಆಟೋ ನಿಲ್ಲದ ಜಾಗ ಹುಡುಕಿದ್ದಾರೆ. ಸುತ್ತ ನೀರು ಬಂದರೆ ಸಂಜೆಯವರೆಗೆ ಎಲ್ಲಿಗೆ ಹೋಗುತ್ತಾಳೆ?

"ರೊಟ್ಟಿ ಬಡಿತಾಳೇನ್ರಿ ಮಗಳು?" ಆ ಹೆಂಗಸು ನನ್ನನ್ನು ಕೇಳಿದಳು, ಮಗಳು ಕಿವಿಯಲ್ಲಿ ಹಾಡಿಟ್ಟುಕೊಂಡು ಅಲ್ಲೇ ನಿಂತಿರುವಾಗ.

"ಅಕಿ ಆಫೀಸಿಗೆ ಹೋಗ್ತಾಳ್ರಿ," ಎಂದೆ.

"ಆಫೀಸಿನಾಗ ರೊಟ್ಟಿ ಬಡಿ ಅಂತ ನಾ ಎಲ್ಲಿ ಅಂದ್ನಿ?" ಎಂದು ನಕ್ಕಳು. ಆಮೇಲೆ ಮಗಳ ಕಡೆ ತಿರುಗಿ, "ಹೋಗವಾ, ಮ್ಯಾಲ ಹತ್ತಿ ನೋಡಿ ಬಾ. ದಮ್ಮ ಹತ್ತತೈತೋ ಇಲ್ಲೋ ನೋಡೂಣು. ಏ, ನೀನೂ ಹೋಗೋ," ಎಂದು ಮಗನನ್ನೂ ಅಟ್ಟಿದಳು.

ನನ್ನ ಮಗಳು ಅದನ್ನು ತಮಾಷೆ ಅಂದುಕೊಂಡು ಸುರುಳಿ ಮೆಟ್ಟಿಲು ಹತ್ತಿದಳು. ಹುಡುಗ ಒಣಹಣ್ಣಿನ ಡಬ್ಬಿಯ ಸಮೇತ ಹಿಂದೆ ಹೋದ. ನಾನು ಮೆಟ್ಟಿಲ ಬುಡದಲ್ಲಿ ನಿಂತಿದ್ದ ನನ್ನ ಗಂಡನ ಹತ್ತಿರ ಹೋದೆ. ಮೊದಲ ತಿರುವಿನವರೆಗೆ ಇಬ್ಬರೂ ಹತ್ತಿದೆವು. ಅಲ್ಲಿ ಅವರು ಕನ್ನಡಕ ತೆಗೆದರು.

"ಒರಸಬ್ಯಾಡ್ರಿ," ಎಂದೆ. "ಹುಡಿಗಿ ನೋಡಾಕ ಕರಕೊಂಡ ಬಂದೀರಿ. ಹೌದೋ ಅಲ್ಲೋ?"

"ಅಕ್ಕ ಆರತಿ ಮುಂದ ಕೇಳಿದ್ಲು. ನಾ ಏನ ಮಾಡ್ಲಿ?"

"ಭರತಿ ಹೊತ್ತ ಕೇಳಿದವರ ನೀವು."

ಅವರು ಕೆಳಗೆ ನೋಡಿದರು. "ಹುಡುಗ ಚಲೋ ಅದಾನ. ಕೂತ ನಾಕ ಮಾತಾಡಿದ್ರ ಆಕಿಗೇ ತಿಳಿತೈತಿ. ಆಕಿ ಕೂಡೂದ ಇಲ್ಲ, ಎದ್ದ ಓಡ್ತಾಳ. ಅದಕ್ಕ ಅಕ್ಕ ಅಂದ್ಲು..."

"ಓಡಾಕ ಬರದ ಜಾಗಾ ಅಂತ."

"ಹಂಗಲ್ಲ," ಎಂದರು. ಹೇಗೆ ಎಂದು ಮಾತ್ರ ಹೇಳಲಿಲ್ಲ. "ಈಗ ಹೇಳಬ್ಯಾಡ. ಒಂದ ತಾಸ ಸುಮ್ನಿರು. ನೀರ ಬಂದ ಮ್ಯಾಲೆ ಹೇಳು," ಎಂದರು.

ಅವರು ಕೆಟ್ಟವರಲ್ಲ. ಮಗಳು ಮಾತು ಬಿಟ್ಟಿದ್ದ ತಿಂಗಳುಗಳಲ್ಲಿ ಅವಳ ಕೋಣೆಯ ಫ್ಯಾನು ಸದ್ದು ಮಾಡಿದರೆ ತಾವೇ ಸ್ಟೂಲು ಹತ್ತಿ ಎಣ್ಣೆ ಬಿಡುತ್ತಿದ್ದರು, ಅವಳು ಇಲ್ಲದಾಗ. ಆದರೆ ನೀರು ಬಂದ ಮೇಲೆ ಹೇಳಿದ ಮಾತಿಗೆ ಏನು ಬೆಲೆ? ಹಾಗೆ ಹೇಳಿದರೆ ಅವಳು ನನ್ನ ಮುಖ ನೋಡಿ ಅದೇ ಪ್ರಶ್ನೆ ಕೇಳುತ್ತಾಳೆ, ಮತ್ತು ಈ ಸಲ ನನಗೆ ಗೊತ್ತಿತ್ತು. ಒಂದು ತಾಸು ಮೊದಲೇ ಗೊತ್ತಿತ್ತು.

ನಾನು ಮೇಲೆ ಹತ್ತಿದೆ. ನನಗೂ ದಮ್ಮು ಹತ್ತಿತು. ನನ್ನನ್ನು ನೋಡುವವರು ಯಾರೂ ಇರಲಿಲ್ಲ, ಅದೊಂದು ಒಳ್ಳೆಯದಾಯಿತು. ತುದಿಯಲ್ಲಿ ಗಾಜಿನ ಕೋಣೆ, ನಡುವೆ ಮನುಷ್ಯನೆತ್ತರದ ದೀಪ, ಪದರ ಪದರ ಗಾಜು ಕೂಡಿಸಿದ್ದು. ಹಗಲಿನ ಬಿಸಿಲು ತಾಗದಂತೆ ಸುತ್ತ ಪರದೆ ಎಳೆದಿದ್ದರು. ಹೊರಗಿನ ಕಟಾಂಜನದಲ್ಲಿ ಮಗಳು ಒಂದು ಕಡೆ, ಹುಡುಗ ಅವಳಿಗೆ ಬೆನ್ನಾಗಿ ಇನ್ನೊಂದು ಕಡೆ. ಗಾಳಿ ಎಷ್ಟಿತ್ತೆಂದರೆ ಅವಳ ಕಿವಿಗೆ ಬಾಯಿ ಹಚ್ಚಿ ಹೇಳಬೇಕಾಯಿತು.

"ಅವರು ನಿನ್ನ ನೋಡಾಕ ಬಂದಾರ. ನನಗ ಈಗ ಗೊತ್ತಾತು. ನೀರ ಏರಾಕ ಹತ್ತೇತಿ, ಮುಚ್ಚಿದ್ರ ಸಂಜೀತನಕ ಹೋಗಾಕ ಬರೂದಿಲ್ಲ. ಅದಕ್ಕ ಇಲ್ಲಿಗೆ ಕರದಾರ."

ಅವಳು ಕಿವಿಯಿಂದ ಹಾಡಿನ ತಂತಿ ತೆಗೆದಳು. ಅಳುತ್ತಾಳೆ ಅಂದುಕೊಂಡೆ. ಅವಳು ಕೆಳಗೆ ಬಂಡೆಗಳನ್ನು ನೋಡಿದಳು. ಬರುವಾಗ ಒಣಗಿದ್ದ ಕಲ್ಲುಗಳ ಸುತ್ತ ಈಗ ನೀರು ಬೆಳ್ಳಗೆ ಆಡುತ್ತಿತ್ತು.

"ಆ ಹುಡುಗಗ ಗೊತ್ತಾ?"

"ಇಲ್ಲ ಅನ್ನಸತೈತಿ. ಅವನ ಬೂಟ ನೋಡು."

ಅವಳು ಬೂಟು ನೋಡಿದಳು, ಡಬ್ಬಿ ನೋಡಿದಳು, ನೇರವಾಗಿ ಅವನ ಹತ್ತಿರ ಹೋದಳು. ನಾನು ಬಾಗಿಲ ಮರೆಯಲ್ಲಿ ನಿಂತೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು, ಕೇಳಿಸಿಕೊಳ್ಳದೆ ಇರುವುದು ಸಾಧ್ಯವಿರಲಿಲ್ಲ.

"ಎಕ್ಸ್‌ಕ್ಯೂಸ್ ಮಿ. ನಿಮ್ಗೆ ಏನ್ ಹೇಳಿ ಕರಕೊಂಡ್ ಬಂದ್ರು?"

ಹುಡುಗ ಬೆಚ್ಚಿ ತಿರುಗಿದ. "ಕೊಲಾಬಾದಾಗ ಮೌಸಿ ಮನಿ ಅಂತ... ದೀಪಾವಳಿ ಫರಾಳ ತಿನ್ನೋಕೆ. ಗೇಟ್ ಹತ್ರ ಬಂದ್ಮೇಲೆ ಲೈಟ್‌ಹೌಸ್ ಅಂದ್ರು."

"ಮೌಸಿ ಇಲ್ಲ. ಯೇ ದೇಖ್‌ನೇ ಕಾ ಪ್ರೋಗ್ರಾಮ್ ಹೈ. ನಾ ನಿಮ್ನ ನೋಡೋದು, ನೀವು ನನ್ನ."

ಅವನು ಕೈಯಲ್ಲಿದ್ದ ಡಬ್ಬಿ ನೋಡಿದ. ಆಮೇಲೆ, "ಫಿರ್ ಸೇ?" ಎಂದ. ಮತ್ತೊಮ್ಮೆಯೇ ಎಂದು ಕೇಳುವ ಆ ಎರಡು ಶಬ್ದದಲ್ಲಿ ಎಷ್ಟು ದಣಿವಿತ್ತೆಂದರೆ, ಅವನಿಗೂ ಅಂಥದೊಂದು ಮದುವೆ ಹಾಲ್, ಒಂದು ಕಂಬ ಇರಬೇಕು ಅನ್ನಿಸಿತು.

"ನಾ ಹೊಂಟೆ," ಎಂದಳು ಮಗಳು. "ನೀರು ಬರೋಕಿಂತ ಮೊದ್ಲು. ನೀವ್ ಇರ್ತೀರಾ?"

ಅವನು ಕೂತು ಬೂಟು ಬಿಚ್ಚಿದ, ಸಾಕ್ಸನ್ನು ಅದರೊಳಗೆ ತುರುಕಿದ, ಲಾಡಿಗಳನ್ನು ಗಂಟುಹಾಕಿ ಬೂಟನ್ನು ಕೊರಳಿಗೆ ಹಾಕಿಕೊಂಡ. ಹೋಗುವ ಮುಂಚೆ ಒಣಹಣ್ಣಿನ ಡಬ್ಬಿಯನ್ನು ಎರಡೂ ಕೈಯಿಂದ ನನಗೆ ಕೊಟ್ಟ. "ಆಂಟಿ, ಹ್ಯಾಪಿ ದೀಪಾವಳಿ," ಎಂದ.

ಕೆಳಗೆ ಆದದ್ದನ್ನು ನಾನು ಮೆಟ್ಟಿಲ ಮೇಲಿಂದ ಕೇಳಿದೆ. "ಆತ್ಯಾ, ನಾ ಹೊಂಟೆ," ಎಂದಳು ಮಗಳು. "ಎಲ್ಲಿಗವಾ? ಊಟ!" ಎಂದರು ಆತ್ಯಾ. ಆಮೇಲೆ ಎಲ್ಲರ ದನಿ ಒಟ್ಟಿಗೆ. ನಾನು ಇಳಿದು ಬಾಗಿಲಿಗೆ ಬರುವಷ್ಟರಲ್ಲಿ ಇಬ್ಬರೂ ಬಂಡೆಗಳ ಮೇಲಿದ್ದರು.

"ಏ! ಬರಿಗಾಲಲೆ ಹೊಂಟಾನ ನೋಡ್ರಿ! ಬೂಟ ಹಾಕ್ಕೊಳ್ಳೋ!" ಎಂದು ಅವನ ತಾಯಿ ಕೂಗಿದಳು.

"ತಮ್ಮಾ, ನಡಿ, ನಾವೂ ಹೋಗೂಣು," ಎಂದು ಆತ್ಯಾ ಸೆರಗು ಸಿಕ್ಕಿಸಿದರು. ಕೆಲಸದವನು ಅಡ್ಡ ಬಂದ. ಚುರುಕಾಗಿ ನಡೆಯುವ ಹುಡುಗರು ದಾಟುತ್ತಾರೆ, ನಿಮ್ಮ ನಡಿಗೆಯಲ್ಲಿ ನಡುವೆ ಸಿಕ್ಕಿಬೀಳುತ್ತೀರಿ, ನಾನು ಬಿಡುವುದಿಲ್ಲ ಎಂದ. ಅವರಿಬ್ಬರ ಜೊತೆ ಅರ್ಧ ದಾರಿ ತಾನೇ ಹೋಗಿ, ಎಲ್ಲಿ ಕಾಲಿಡಬೇಕೆಂದು ತೋರಿಸಿ ಮರಳಿ ಬಂದ. ಬಂದಾಗ ಅವನ ಪ್ಯಾಂಟು ಮೊಣಕಾಲವರೆಗೆ ತೊಯ್ದಿತ್ತು. ಸ್ವಲ್ಪ ಹೊತ್ತಿಗೆ ದಾರಿ ಇರಲಿಲ್ಲ.

ನೋಡಬೇಕಾದವರು ಐದು ಜನ ದೀಪಸ್ತಂಭದಲ್ಲಿ ಉಳಿದೆವು. ನೋಡಿಸಿಕೊಳ್ಳಬೇಕಾದವರು ದಡದಲ್ಲಿ.

ಮುಂದಿನ ದೃಶ್ಯವನ್ನು ನೆನೆದರೆ ಈಗಲೂ ನಗು ಬರುತ್ತದೆ. ಅಂದು ಬರಲಿಲ್ಲ. ಕೆಲಸದವನ ಹತ್ತಿರ ಹಳೆಯ ದುರ್ಬೀನು ಇತ್ತು. ಆತ್ಯಾ ಮೊಣಕಾಲು ಮರೆತು ಮೇಲಿನ ಕಿಟಕಿಗೆ ಹತ್ತಿದರು.

"ಏನ ಮಾಡಾಕ ಹತ್ಯಾರ್ರಿ?" ಎಂದು ಆ ಹೆಂಗಸು ಅವರ ತೋಳು ಜಗ್ಗಿದಳು.

"ನಿಂತಾರ. ಮಾತಾಡಾಕ ಹತ್ಯಾರ."

"ಇಲ್ಲೆ ತರ್ರಿ, ನಾ ನೋಡ್ತೀನಿ. ಮಗಾ ನನ್ನಾವ."

"ಸೊಸಿ ನನ್ನಾಕಿ. ತಡೀರಿ."

"ಗ್ಲಾಸ ಮ್ಯಾಲ ಉಸರ ಬಿಡಬ್ಯಾಡ್ರಿ, ಕಾಣೂದಿಲ್ಲ!"

ದುರ್ಬೀನು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು. ಗಂಡಸರಿಬ್ಬರೂ ಕೆಳಗೆ ಎದುರುಬದುರು ಕೂತು ಸಿಮೆಂಟಿನ ದರದ ಬಗ್ಗೆ ಮಾತಾಡುತ್ತಿದ್ದರು. ನನಗೆ ಯಾರೂ ದುರ್ಬೀನು ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಬರಿಗಣ್ಣಿಗೆ ಎರಡು ಚುಕ್ಕೆ ಕಂಡವು, ಆಮೇಲೆ ಗೋಡೆಯ ಆಚೆ ಮರೆಯಾದವು. ಒಟ್ಟಿಗೆ ಹೋದವೋ ಬೇರೆ ಬೇರೆ ದಿಕ್ಕಿಗೋ ತಿಳಿಯಲಿಲ್ಲ.

ಊಟಕ್ಕೆ ಕೂತಾಗ ಆತ್ಯಾ ನನ್ನ ಮುಂದೆ ಹೂವಿನ ತಾಟು ಇಟ್ಟು, ನನ್ನ ಮುಖ ನೋಡದೆ ಕೇಳಿದರು. "ನೀ ಹೇಳಿದಿ?"

"ಹೂಂ ಅಕ್ಕಾ. ನಾ ಹೇಳಿದೆ."

"ಮೆತ್ತಗ ಇರ್ತಿ. ಮೆತ್ತನ್ನವರನ್ನ ನಂಬಬಾರದು." ರೊಟ್ಟಿಯನ್ನು ಎರಡಾಗಿ ಮುರಿದ ಸದ್ದು ಕಲ್ಲಿನ ಗೋಡೆಗೆ ತಾಗಿತು. "ಚಲೋ ಮನಿತನ ಇತ್ತು. ನಾ ಏನ ಆಕಿ ವೈರೀನು?"

"ಅಲ್ಲ ಅಕ್ಕಾ. ಆದ್ರ ಆಕಿಗೆ ಹೇಳಿ ಕರೀಬೇಕಿತ್ತು."

"ಹೇಳಿದ್ರ ಬರತಿದ್ಲು?"

ಬರುತ್ತಿರಲಿಲ್ಲವೇನೋ. ಅಚ್ಚರಿಯೆಂದರೆ ಅವರ ಪರವಾಗಿ ಬರಬೇಕಾಗಿದ್ದ ಆ ಹೆಂಗಸು ಬೇರೆಯೇ ಮಾತು ತೆಗೆದಳು. ಎಣ್ಣೆಗಾಯಿ ಬಡಿಸಿಕೊಳ್ಳುತ್ತ, "ನಮ್ಮ ಹುಡುಗ ಬೂಟ ಬಿಚ್ಚಿ ಹೋದ್ನಲ್ರಿ," ಎಂದಳು, ಅದೇ ದೊಡ್ಡ ಮಾತೆಂಬಂತೆ. "ಮನ್ಯಾಗ ಚಪ್ಪಲಿ ಇಲ್ದ ಬಚ್ಚಲಕ್ಕೂ ಹೋಗೂದಿಲ್ಲ."

ಸಂಜೆ ನೀರು ಇಳಿಯಿತು. ಮೇಲೆ ಪರದೆ ಸರಿಸಿ ದೀಪ ಹಚ್ಚಿದರು. ಅದರ ಬೆಳಕು ದೂರದ ಹಡಗಿಗೆ, ನಮ್ಮ ಕಾಲ ಬುಡದ ಕಲ್ಲಿಗಲ್ಲ. ಮೊಬೈಲಿನ ಬೆಳಕಿನಲ್ಲಿ ಬಂಡೆ ದಾಟಿದೆವು. ನನ್ನ ಗಂಡ ಅಕ್ಕನ ಕೈ ಹಿಡಿದು ನಡೆಸಿದರು. ಜಾರುವ ಕಡೆಗಳಲ್ಲಿ ಹಿಂದೆ ತಿರುಗಿ ನನ್ನತ್ತಲೂ ಕೈ ಚಾಚುತ್ತಿದ್ದರು.

ಮನೆಗೆ ಬಂದರೆ ಮಗಳು ಖಿಚಡಿ ಮಾಡಿಟ್ಟಿದ್ದಳು. ನನ್ನ ಗಂಡ ಬಾಗಿಲಲ್ಲೇ ಚಪ್ಪಲಿ ಬಿಚ್ಚುತ್ತ ಬಹಳ ಹೊತ್ತು ತೆಗೆದುಕೊಂಡರು. ಹೋದ ಸಲದ ಮೌನ ಮತ್ತೆ ಶುರುವಾಗುತ್ತದೆ ಎಂಬ ಭಯ ಅವರ ಬೆನ್ನಿನಲ್ಲೇ ಕಾಣುತ್ತಿತ್ತು.

"ಪಪ್ಪಾ," ಎಂದಳು ಅವಳು ಒಳಗಿಂದ. "ಕೈ ತೊಳಕೊಂಡ್ ಬರ್ರಿ. ಮುಂದಿನ್ ಸಲ ನನ್ನ ಕೇಳ್ರಿ. ನಾ ಇಲ್ಲ ಅಂತೀನಿ, ಅಥವಾ ಹಾಂ ಅಂತೀನಿ. ಆದ್ರ ಕೇಳ್ರಿ."

ಅವರು "ಹೂಂ" ಎಂದರು. ಬಚ್ಚಲಿಗೆ ಹೋಗಿ ನಳ ಜೋರಾಗಿ ಬಿಟ್ಟರು.

ಬಡಿಸುತ್ತ ಅವಳು ನನಗೆ ಗೇಟಿನ ಕತೆ ಹೇಳಿದಳು. ಏಳು ಜನ ಒಳಗೆ ಹೋಗಿ ಇಬ್ಬರೇ ಹೊರಗೆ ಬಂದರೆ, ಅದರಲ್ಲೊಬ್ಬನ ಕೊರಳಲ್ಲಿ ಬೂಟು ಇದ್ದರೆ, ಕಾವಲುಗಾರ ಬಿಡುತ್ತಾನೆಯೆ? ಉಳಿದ ಐವರು ಎಲ್ಲಿ ಎಂದು ನಿಲ್ಲಿಸಿಕೊಂಡನಂತೆ. ಈ ಹುಡುಗ ಬಹಳ ಗಂಭೀರವಾಗಿ, ಅವರು ಮೇಲಿಂದ ನಮ್ಮನ್ನು ನೋಡುತ್ತಿದ್ದಾರೆ ಎಂದನಂತೆ. ಕಾವಲುಗಾರ ದೀಪಸ್ತಂಭಕ್ಕೆ ಫೋನು ಮಾಡಿ ವಿಚಾರಿಸುವವರೆಗೆ ಇಬ್ಬರೂ ಬಿಸಿಲಲ್ಲಿ ನಿಲ್ಲಬೇಕಾಯಿತು. ಹೇಳುತ್ತ ಹೇಳುತ್ತ ಅವಳಿಗೆ ನಗು ತಡೆಯಲಾಗಲಿಲ್ಲ.

"ಆಮ್ಯಾಲೆ?" ಎಂದೆ.

"ಆಮ್ಯಾಲೆ ಏನಿಲ್ಲ. ಅವನು ಅಂಧೇರಿಗೆ, ನಾ ಇಲ್ಲಿಗೆ."

ಅವರು ಗೇಟು ಬಿಟ್ಟದ್ದು ಮಧ್ಯಾಹ್ನಕ್ಕೆ ಮೊದಲು. ಖಿಚಡಿ ಇನ್ನೂ ಕೈ ಸುಡುತ್ತಿತ್ತು, ಅವಳ ಬಟ್ಟೆಯೂ ಬದಲಾಗಿರಲಿಲ್ಲ. ಇದೆಲ್ಲ ನನಗೆ ಕಂಡಿತು: ಮಧ್ಯಾಹ್ನದಿಂದ ಅವಳು ಮನೆಯಲ್ಲಿರಲಿಲ್ಲ. ಕೇಳಬೇಕೆಂದು ನಾಲಿಗೆ ತುದಿಗೆ ಬಂತು. ಉಪ್ಪಿನಕಾಯಿ ಬೇಕೇ ಎಂದೆ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಆತ್ಯಾ ಗೋರೆಗಾಂವ ತಲುಪಿದ್ದರು. ಸಿಟ್ಟು ಇಳಿದಿರಲಿಲ್ಲ, ಕುತೂಹಲ ಅದಕ್ಕಿಂತ ಜೋರಾಗಿತ್ತು.

"ಅವರ ಮನ್ಯಾಗಿಂದ ಫೋನ ಬಂದಿತ್ತು. ಹುಡುಗ ಏನೂ ಹೇಳವಲ್ಲನಂತ, ಕಾಲ ತೊಳಕೋತ ಒಬ್ಬನ ನಗ್ತಾನಂತ. ಏನಾತು? ಹುಡಿಗಿ ಏನ ಅಂತಾಳ? ನೀ ಹೇಳು."

ಇಷ್ಟು ವರ್ಷ ಇಂಥ ಪ್ರಶ್ನೆ ಬಂದಾಗ ನಾನು ಫೋನನ್ನು ಗಂಡನಿಗೆ ಕೊಡುತ್ತಿದ್ದೆ. ಈಗಲೂ ಅವರು ಕೈ ಒರೆಸಿಕೊಳ್ಳುತ್ತ ಬಂದು, ಕೊಡು ಎನ್ನುವಂತೆ ನೋಡಿದರು.

"ನನಗ ಗೊತ್ತಿಲ್ಲ ಅಕ್ಕಾ," ಎಂದೆ. "ಆಕಿ ಇಲ್ಲೇ ಅದಾಳ. ಆಕಿನ್ನ ಕೇಳ್ರಿ."

ಫೋನನ್ನು ಮಗಳ ಕೈಗೆ ಕೊಟ್ಟೆ. ಅವಳು ಸೌಟು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತಳು.

"ಹಾಂ ಆತ್ಯಾ," ಎಂದಳು. "ಕೇಳ್ರಿ."